ಸಣ್ಣ ತೋಟಾ, ಅಗ್ಗದ ರೈಫಲ್



ನಿಮ್ಮಲ್ಲಿ ಎನ್.ಸಿ.ಸಿ. ಸೇರಿದವರು ಶಿಬಿರದಲ್ಲಿ ನೆಲದ ಮೇಲೆ ಮಲಗಿ ‘ಪಾಯಿಂಟ್ ಟೂ ಟೂ’ ರೈಫಲಿನಿಂದ ಗುರಿ ಹೊಡೆದಿರಬಹುದು. ಪ್ರತಿ ಗುಂಡಿನ ನಂತರ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಮತ್ತೆ ಗುರಿ ಹಿಡಿಯಬೇಕು. ಈ ಕೈಕೆಲಸವನ್ನು ಬಂದೂಕೇ ಮಾಡಿಕೊಂಡರೆ ಅದು ಅರೆಸ್ವಯಂಚಾಲಿತ ರೈಫಲ್. ಕುದುರೆಯನ್ನು, ಅಂದರೆ ಟ್ರಿಗರನ್ನು, ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಮುಂದಿನ ತೋಟಾ ತಾನಾಗಿಯೇ ಬಂದು ನಳಿಗೆಯಲ್ಲಿ ಕೂರುತ್ತದೆ. ಒಮ್ಮೆ ದುಬಾರಿಯಾಗಿದ್ದ ಇಂಥ ರೈಫಲ್ ಅಮೆರಿಕದ ಸಾಮಾನ್ಯ ಮನೆಗಳಿಗೆ ಎಟುಕಿದ್ದು ಹೇಗೆ? ಇದು ಬಂದೂಕಿನ ಕಥೆ ಮಾತ್ರವಲ್ಲ, ಒಂದು ವಸ್ತು ಅಗ್ಗವಾಗುವ ಬಗೆಯ ಕಥೆಯೂ ಹೌದು.

ಕಥೆ ಆರಂಭವಾಗುವುದು ತೋಟಾದಿಂದ. 1845ರ ಸುಮಾರಿಗೆ ಪ್ಯಾರಿಸ್ಸಿನ ಫ್ಲೋಬೆರ್ ಎಂಬಾತ ಬಂದೂಕಿನ ಕೇಪಿನ ಬಾಯಿಗೆ ಪುಟ್ಟ ಸೀಸದ ಗುಂಡನ್ನು ಕೂರಿಸಿದ. ಮನೆಯ ಹಜಾರದಲ್ಲೇ ಗುರಿ ಹೊಡೆಯುವ ಆಟಕ್ಕೆ ಅದು ಸಾಕಾಗಿತ್ತು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಅದೇ ಉಪಾಯವನ್ನು ಬೆಳೆಸಿ ತನ್ನ ರಿವಾಲ್ವರಿಗಾಗಿ 0.22 ಅಂಗುಲದ ತೋಟಾ ತಯಾರಿಸಿತು. 1887ರಲ್ಲಿ ‘ಲಾಂಗ್ ರೈಫಲ್’ ತೋಟಾ ಬಂತು. ಇಂದಿಗೂ ಬಳಕೆಯಲ್ಲಿರುವುದು ಅದೇ. ಇದರ ಬುಡದ ಅಂಚಿನೊಳಗೆ ಪೆಟ್ಟಿಗೆ ಸಿಡಿಯುವ ರಾಸಾಯನಿಕವಿರುತ್ತದೆ. ಬಂದೂಕಿನ ಮೊಳೆ ಆ ಅಂಚಿಗೇ ಬಡಿಯುತ್ತದೆ. ಆದ್ದರಿಂದಲೇ ಇದಕ್ಕೆ ‘ರಿಮ್‌ಫೈರ್’ ಎಂಬ ಹೆಸರು. ಲೋಹ ಕಡಿಮೆ, ಮದ್ದು ಕಡಿಮೆ, ಹೆಗಲಿಗೆ ಒದೆತವೂ ಕಡಿಮೆ. ಬೆಲೆಯಂತೂ ದೊಡ್ಡ ತೋಟಾಗಳ ಒಂದಂಶ ಮಾತ್ರ. ರೈಫಲಿಗೆ ಹಣ ಕೊಡುವುದು ಒಂದೇ ಸಲ. ತೋಟಾಕ್ಕೆ ದಿನವೂ ಕೊಡಬೇಕು. ಆಟವಾಗಿ ಗುರಿ ಹೊಡೆಯುವವನ ಲೆಕ್ಕಾಚಾರ ಇಲ್ಲಿಂದಲೇ ಶುರು.

1903ರಲ್ಲಿ ವಿಂಚೆಸ್ಟರ್ ಕಂಪನಿಯ ಟಿ. ಸಿ. ಜಾನ್ಸನ್ ಈ ಗಾತ್ರದ ಅರೆಸ್ವಯಂಚಾಲಿತ ರೈಫಲನ್ನು ರೂಪಿಸಿದರು. ಅದರ ತತ್ವ ಬಹು ಸರಳ. ಸಿಡಿದ ಅನಿಲ ಗುಂಡನ್ನು ಮುಂದಕ್ಕೂ, ಖಾಲಿ ಕೋಶವನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದಿರುವ ಬೋಲ್ಟ್ ಭಾರವಾದ್ದರಿಂದ ನಿಧಾನವಾಗಿ ಸರಿಯುತ್ತದೆ; ಅಷ್ಟರಲ್ಲಿ ಗುಂಡು ನಳಿಗೆ ದಾಟಿರುತ್ತದೆ. ಬೋಲ್ಟು ಕೋಶವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮರಳುವಾಗ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಆದರೆ ಆಗ ಮಾರುಕಟ್ಟೆಯಲ್ಲಿದ್ದ ಹಲವು ತೋಟಾಗಳಲ್ಲಿ ಕರಿಮದ್ದು ಇರುತ್ತಿತ್ತು. ಅದರ ಮಸಿ ಯಂತ್ರವನ್ನು ಕಟ್ಟಿಹಾಕುತ್ತಿತ್ತು. ಹಾಗಾಗಿ ವಿಂಚೆಸ್ಟರ್ ತನ್ನದೇ ಆದ ಬೇರೆ ತೋಟಾ ತಂದಿತು. ಕೊಂಡವನು ಆ ತೋಟಾವನ್ನೇ ಹುಡುಕಿಕೊಂಡು ಹೋಗಬೇಕಾಯಿತು. ‘ಲಾಂಗ್ ರೈಫಲ್’ ಬಳಸುವ ಮಾದರಿಯನ್ನು ಕಂಪನಿ ತಂದದ್ದು 1933ರಲ್ಲಿ. ಆಗಲೂ ಉಕ್ಕಿನ ಗಟ್ಟಿಯನ್ನು ಕಡೆದು ಕೊರೆದೇ ಬಿಡಿಭಾಗಗಳಾಗಬೇಕಿತ್ತು. ಕುಶಲ ಕೆಲಸಗಾರರ ಗಂಟೆಗಟ್ಟಲೆ ದುಡಿಮೆಯೇ ಬೆಲೆಯಾಗಿ ಕೂತಿತ್ತು.

ಎರಡನೆಯ ಮಹಾಯುದ್ಧದ ನಂತರ ಕೂಲಿ ಏರಿತು. ಇನ್ನು ವಿಧಾನವನ್ನೇ ಬದಲಿಸದೆ ದಾರಿಯಿರಲಿಲ್ಲ. ಮೂರು ಕಂಪನಿಗಳು ಮೂರು ದಾರಿ ಹಿಡಿದವು. ಸ್ವಲ್ಪ ಗಮನಿಸಿ.

1959ರಲ್ಲಿ ರೆಮಿಂಗ್ಟನ್ ಕಂಪನಿ ಮರವನ್ನೇ ಕೈಬಿಟ್ಟು ರೈಫಲಿನ ಒಡಲನ್ನು ನೈಲಾನಿನಲ್ಲಿ ಅಚ್ಚು ಹಾಕಿತು. ಹೆಸರು ‘ನೈಲಾನ್ 66’, ಬೆಲೆ 49 ಡಾಲರ್ 95 ಸೆಂಟ್. ಪ್ಲಾಸ್ಟಿಕ್ಕಿನ ಬಂದೂಕೆಂದು ಜನ ನಕ್ಕರು. ಅದೇ ವರ್ಷ ಕಂಪನಿಯ ಟಾಮ್ ಫ್ರೈ ಗಾಳಿಯಲ್ಲಿ ಎಸೆದ 1,00,010 ಮರದ ತುಂಡುಗಳಿಗೆ ಗುರಿಯಿಟ್ಟರು. ತಪ್ಪಿದ್ದು ಕೇವಲ 6. ನಗು ನಿಂತಿತು.

1960ರಲ್ಲಿ ಮಾರ್ಲಿನ್ ಕಂಪನಿ ‘ಮಾಡೆಲ್ 60’ ತಂದಿತು. ತನ್ನ ಹಿಂದಿನ ಮಾದರಿಯ ವಾಲ್‌ನಟ್ ಹಿಡಿಯ ಬದಲು ಅಗ್ಗದ ಬರ್ಚ್ ಮರವನ್ನು ಬಳಸಿತು. ನಳಿಗೆಯ ಗುಣಕ್ಕೆ ಮಾತ್ರ ಕೈಹಚ್ಚಲಿಲ್ಲ. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ವಿವೇಕ ಅದು. ಈ ಮಾದರಿ ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

1964ರಲ್ಲಿ ವಿಲಿಯಂ ರೂಗರ್ ಅವರ ಕಂಪನಿ ‘10/22’ ರೈಫಲನ್ನು 54 ಡಾಲರ್ 50 ಸೆಂಟಿಗೆ ಮಾರಿತು. ಹತ್ತು ತೋಟಾಗಳ ತಿರುಗುವ ಮ್ಯಾಗಜೀನ್ ರೈಫಲಿನ ಒಡಲೊಳಗೇ ಅಡಗಿರುತ್ತಿತ್ತು. ನಳಿಗೆಯನ್ನು ಎರಡು ಸ್ಕ್ರೂಗಳು ಹಿಡಿದಿದ್ದವು. ಬೇಕೆಂದಾಗ ಬಿಚ್ಚಿ ಬದಲಿಸಬಹುದಿತ್ತು.

ಹಾಗಾದರೆ ಕೊಳ್ಳುವವನು ಯಾವುದನ್ನು ಆರಿಸಬೇಕಿತ್ತು? ಹೊತ್ತು ತಿರುಗುವವನಿಗೆ ಹಗುರವಾದ, ಎಣ್ಣೆ ಬೇಡದ ನೈಲಾನ್ ಹಿತ. ಕೊಂಡಂತೆಯೇ ಬಳಸುವ, ಕೈಬಿಗಿ ಇರುವವನಿಗೆ ಮಾರ್ಲಿನ್ ಸಾಕು. ಕಾಲಕ್ರಮದಲ್ಲಿ ಭಾಗಗಳನ್ನು ಬದಲಿಸಿ ಸುಧಾರಿಸಿಕೊಳ್ಳುವವನಿಗೆ ರೂಗರ್ ಲೇಸು. ಕಾಲವೂ ತನ್ನ ತೀರ್ಪು ಕೊಟ್ಟಿತು. ನೈಲಾನ್ 66ರ ತಯಾರಿಕೆ ನಿಂತು ದಶಕಗಳಾದವು. 2020ರಲ್ಲಿ ಮಾರ್ಲಿನ್ ಹೆಸರು ದಿವಾಳಿಯಾದ ಒಡೆಯರ ಕೈಯಿಂದ ರೂಗರ್ ಕಂಪನಿಗೇ ಮಾರಾಟವಾಯಿತು. 10/22 ಮಾತ್ರ ಇಂದಿಗೂ ತಯಾರಾಗುತ್ತಿದೆ. ರಿಪೇರಿಗೆ ಒಗ್ಗುವ ವಸ್ತುವಿಗೆ ಆಯುಷ್ಯ ಹೆಚ್ಚು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಅಗ್ಗವಾದದ್ದು ಎಲ್ಲರ ಕೈಗೂ ಸಿಗುತ್ತದೆ. ಸಿಗಬಾರದವರ ಕೈಗೂ ಸಿಗುತ್ತದೆ. 1968ರ ಜೂನ್‌ನಲ್ಲಿ ರಾಬರ್ಟ್ ಕೆನಡಿಯವರ ಪ್ರಾಣ ತೆಗೆದದ್ದು 0.22 ರಿವಾಲ್ವರಿನ ಇಂಥದೇ ಪುಟ್ಟ ಗುಂಡು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಕಾನೂನು, ಬೇರೆ ರಾಜ್ಯದಿಂದ ಅಂಚೆಯ ಮೂಲಕ ರೈಫಲನ್ನು ನೇರವಾಗಿ ಮನೆಗೆ ತರಿಸಿಕೊಳ್ಳುವುದಕ್ಕೆ ತಡೆ ಹಾಕಿತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕಿಗೆ ಪರವಾನಗಿ ಕಡ್ಡಾಯ; ಅರೆಸ್ವಯಂಚಾಲಿತವಾದರೆ ಕಟ್ಟುನಿಟ್ಟು ಇನ್ನೂ ಹೆಚ್ಚು.

ಮಿತ್ರರೇ, ಮುಂದಿನ ಶಿಬಿರದಲ್ಲಿ ಆ ಸಣ್ಣ ತೋಟಾ ನಿಮ್ಮ ಅಂಗೈಗೆ ಬಂದಾಗ ಎರಡು ಮಾತು ನೆನಪಿರಲಿ. ಅದರ ಬೆಲೆ ಇಳಿಯಲು ನೂರಾರು ಕೈಗಳ ಜಾಣ್ಮೆ ಬೇಕಾಯಿತು. ಆದರೆ ಬೆಲೆ ಇಳಿದಂತೆ ಅದನ್ನು ಹಿಡಿದವನ ಹೊಣೆ ಇಳಿಯಲಿಲ್ಲ.