ಮಲ್ಲೇಶ್ವರದ ಹಿಂದಿನ ಸಂದಿ

ಮೊನ್ನೆ ಭಾನುವಾರ ಮಲ್ಲೇಶ್ವರದ ಗೆಳೆಯನ ಮನೆಗೆ ಹೋಗಿದ್ದೆ. ಬೈಕ್ ನಿಲ್ಲಿಸೋಕೆ ಜಾಗ ಸಿಗದೆ ಮನೆ ಹಿಂದಿನ ಸಂದಿಯಲ್ಲಿ ನಿಲ್ಲಿಸಿದೆ. ಕಸದ ಕೈಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬರು, "ಗಾಡಿ ಆ ಕಡೆ ಹಾಕಪ್ಪ, ಇದು ನಮ್ ದಾರಿ" ಅಂದರು. ಗೆಳೆಯನನ್ನು ಕೇಳಿದರೆ "ಇದಕ್ಕೆ ಕನ್ಸರ್ವೆನ್ಸಿ ಅಂತಾರೆ ಕಣೋ" ಅಂದ. ಹಾಗಂದ್ರೇನು ಅಂತ ಅವನಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ.

1898ರ ಆಗಸ್ಟ್‌ನಲ್ಲಿ ರೈಲಿನ ಮೂಲಕ ಬೆಂಗಳೂರಿಗೆ ಪ್ಲೇಗ್ ಬಂತು. ಒತ್ತೊತ್ತಾಗಿದ್ದ ಊರಲ್ಲಿ ಸಾವಿರಾರು ಜನ ಸತ್ತರು. ಗಾಳಿ ಬೆಳಕಿರುವ ಹೊಸ ಬಡಾವಣೆಗಳ ಯೋಚನೆ ಮೊದಲೇ ಇತ್ತು, ಪ್ಲೇಗಿನಿಂದ ಅದಕ್ಕೆ ಅವಸರ ಬಂತು. ಹಾಗೆ ಬೆಳೆದದ್ದು ಬಸವನಗುಡಿ ಮತ್ತು ಮಲ್ಲೇಶ್ವರ. ಮಲ್ಲೇಶ್ವರದ ಜಾಗ ಬರೀ ಕಾಡೇನೂ ಆಗಿರಲಿಲ್ಲ. ಶಿವಾಜಿಯ ಮಲತಮ್ಮ ಏಕೋಜಿ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟ 1669ರ ಶಾಸನವಿದೆ. ಆ ಹಳ್ಳಿಯ ಹೆಸರು ಈಗ ಯಾರಿಗೆ ನೆನಪಿದೆ?

ಹೊಸ ಬಡಾವಣೆಯಲ್ಲಿ ಅಗಲ ರಸ್ತೆ, ದೊಡ್ಡ ಸೈಟು. ಆದರೆ ಬ್ಲಾಕುಗಳನ್ನು ಹಂಚಿದ್ದು ಜಾತಿ, ಧರ್ಮ ನೋಡಿ! ಮನೆ ಕಟ್ಟುವಷ್ಟು ದುಡ್ಡಿದ್ದವರು ಸರ್ಕಾರಿ ನೌಕರರು, ವಕೀಲರು, ವ್ಯಾಪಾರಿಗಳು. ಹತ್ತಿರದ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಎಷ್ಟೋ ಜನ ರೈಲು ಹಳಿಯಾಚೆ ಶ್ರೀರಾಮಪುರದಲ್ಲಿದ್ದರು. ಆಮೇಲೆ ದೊಡ್ಡ ಸೈಟುಗಳ ಹಿತ್ತಲಲ್ಲಿ ವಠಾರಗಳು ಎದ್ದವು. ಮುಂದೆ ಓನರ್ ಮನೆ, ಹಿಂದೆ ಸಾಲಾಗಿ ಪುಟ್ಟ ಪುಟ್ಟ ಬಾಡಿಗೆ ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಒಂದೇ ಕಾಂಪೌಂಡಿನಲ್ಲಿ ಬೇರೆ ಬೇರೆ ಸಂಬಳದವರು ಬದುಕಿದ್ದು ಹೀಗೆ. ಈಗ ಅವೂ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ನನ್ನಂಥ ಸಾಫ್ಟ್‌ವೇರಿನವನಿಗೂ ಅಲ್ಲಿ ಸೈಟು ಕನಸೇ ಬಿಡಿ.

ಇನ್ನು ಆ ಸಂದಿ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಹಿತ್ತಲ ತುದಿಯಲ್ಲಿರುತ್ತಿತ್ತು. ಮಲ ಹೊರುವವರು ಮುಂದಿನ ರಸ್ತೆಯಲ್ಲಿ ಕಾಣಿಸದೆ, ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಅಂತ ನಕ್ಷೆಯಲ್ಲೇ ಬಿಟ್ಟ ದಾರಿ ಅದು. ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶಕ್ಕೆಲ್ಲ ಕಾನೂನು ಬಂದದ್ದು 1993ರಲ್ಲಿ.

ಅಗಲ ರಸ್ತೆ, ಮರಗಳ ಸಾಲು, ಹಳೇ ಬೆಂಗಳೂರಿನ ಸೊಗಸು ಅಂತ ನಾನೂ ಎಷ್ಟೋ ಸಲ ಹೊಗಳಿದ್ದೇನೆ. ಆ ಸೊಗಸಿನ ಬೆನ್ನಿಗೇ ಈ ಸಂದಿ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. "ನಮ್ ದಾರಿ" ಅಂದ ಆ ಹೆಂಗಸಿಗೆ ಈ ಚರಿತ್ರೆ ಗೊತ್ತಿತ್ತೋ ಇಲ್ಲವೋ. ನಾನಂತೂ ಅಲ್ಲಿ ಮತ್ತೆ ಬೈಕ್ ನಿಲ್ಲಿಸಿಲ್ಲ.