ಮಶ್ವರಾ: ಒಂಟಿ ವೈದ್ಯನ ದೂರದ ಜೊತೆಗಾರ

ಗೊಳಸಂಗಿಯಂಥ ಊರಿನಲ್ಲಿ ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ನಾವು ಮೊದಲು ಹುಡುಕುವುದು ಗಾಡಿಯನ್ನು. ದೊಡ್ಡ ಡಾಕ್ಟರು ಇರುವುದು ವಿಜಯಪುರದಲ್ಲಿ. ಅಲ್ಲಿಯೂ ಆಗದಿದ್ದರೆ ಸೊಲ್ಲಾಪುರ, ಇಲ್ಲವೆ ಹುಬ್ಬಳ್ಳಿ. ರೋಗಿ ತಲುಪುವ ಮೊದಲೇ ರೋಗದ ಸುದ್ದಿ ತಲುಪಬಾರದೇಕೆ? ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಉರ್ದುವಿನಲ್ಲಿ ಸಲಹೆ ಕೇಳುವುದಕ್ಕೆ ಮಶ್ವರಾ ಎನ್ನುತ್ತೇವೆ. ನಮ್ಮ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ 'ದಸ್ತೂರುಲ್ ಅತಿಬ್ಬಾ' ಎಂಬ ವೈದ್ಯಗ್ರಂಥವನ್ನೂ ಬರೆದ. ಈ ನೆಲದ ವೈದ್ಯರ ಅರಿವನ್ನು ಪಾರ್ಸಿ ಬಲ್ಲ ಹಕೀಮರಿಗೆ ಮುಟ್ಟಿಸಿದ. ಅದೂ ಒಂದು ಬಗೆಯ ಮಶ್ವರಾವೇ. ಆದರೆ ಪುಸ್ತಕಕ್ಕೆ ಮರುಪ್ರಶ್ನೆ ಹಾಕಲಾಗದು.

ಈ ಶತಮಾನದ ಮೊದಲ ವರ್ಷಗಳಲ್ಲಿ ಇಸ್ರೋ ಸಂಸ್ಥೆಯು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕೇಳಿದ್ದಕ್ಕೆ ಕೂಡಲೇ ಉತ್ತರ ಬರುವಂತಾಯಿತು. ಆದರೆ ಆ ಏರ್ಪಾಡು ಪ್ರತಿ ಹಳ್ಳಿಗೂ ಬರುವಂಥದ್ದಲ್ಲ.

ಸಾಮಾನ್ಯ ಮೊಬೈಲಿನಿಂದ ಏನಾದೀತೆಂದು 2008ರಲ್ಲಿ ಜಗತ್ತಿಗೆ ತಿಳಿಯಿತು. ಯುದ್ಧಪೀಡಿತ ಕಾಂಗೋ ದೇಶದ ರುತ್ಶುರುವಿನಲ್ಲಿ ಹದಿನಾರರ ಹುಡುಗನೊಬ್ಬನ ತೋಳು ಕೊಳೆತಿತ್ತು. ಕೊರಳೆಲುಬು, ಹೆಗಲೆಲುಬಿನ ಸಮೇತ ತೆಗೆಯದಿದ್ದರೆ ಜೀವ ಉಳಿಯುತ್ತಿರಲಿಲ್ಲ. ಬ್ರಿಟಿಷ್ ಶಸ್ತ್ರಚಿಕಿತ್ಸಕ ಡೇವಿಡ್ ನಾಟ್ ಅಂಥ ಶಸ್ತ್ರಕ್ರಿಯೆಯನ್ನು ಹಿಂದೆಂದೂ ಮಾಡಿರಲಿಲ್ಲ. ಲಂಡನ್ನಿನ ಸಹೋದ್ಯೋಗಿ ಮೆರಿಯನ್ ಥಾಮಸ್‌ಗೆ ಸಂದೇಶ ಕಳಿಸಿದರು. ಅವರು ಹಂತಹಂತವಾಗಿ ಬರೆದು ಕಳಿಸಿದ ಎಸ್ಸೆಮ್ಮೆಸ್ಸನ್ನು ಅನುಸರಿಸಿ ನಾಟ್ ಕತ್ತಿ ಹಿಡಿದರು. ಹುಡುಗ ಬದುಕಿದ.

ನಮ್ಮ ಮಂಗಳೂರಿನಲ್ಲಿ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಇದೇ ದಾರಿಯನ್ನು ಹಳ್ಳಿಗಳತ್ತ ತಿರುಗಿಸಿದರು. 2018ರ ಸುಮಾರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಕೊಡಿಸಿ, ವೈದ್ಯರ ವಾಟ್ಸಪ್ ಗುಂಪುಗಳನ್ನು ಕಟ್ಟಿದರು. ಹಳ್ಳಿಯ ವೈದ್ಯರು ಇಸಿಜಿಯ ಫೋಟೋ ಕಳಿಸುತ್ತಾರೆ. ಇದು ಹೃದಯಾಘಾತವೋ ಅಲ್ಲವೋ ಎಂದು ತಜ್ಞರು ತಿಳಿಸುತ್ತಾರೆ. ಹೃದಯಾಘಾತದಲ್ಲಿ ಕಳೆದ ಒಂದೊಂದು ಗಳಿಗೆಗೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ಬೇಗ ಸಿಕ್ಕಷ್ಟೂ ಒಳಿತು.

2020ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಇಂಥ ಸಂದೇಶಗಳಿಗೆ ಮಾನ್ಯತೆ ಕೊಟ್ಟಿತು. ಜೊತೆಗೆ ಒಂದು ಮಾತನ್ನೂ ಸ್ಪಷ್ಟಪಡಿಸಿತು: ಇನ್ನೊಬ್ಬ ವೈದ್ಯರ ಸಲಹೆ ಪಡೆದರೂ ಚಿಕಿತ್ಸೆಯ ಹೊಣೆ ಕೇಳಿದ ವೈದ್ಯರದೇ. ಅಂದರೆ ಮೊಬೈಲು ಹೊಣೆಯನ್ನು ಹೊರುವುದಿಲ್ಲ, ಹೊರುವವನಿಗೆ ಧೈರ್ಯ ಕೊಡುತ್ತದೆ.

ಸಲಹೆ ಕೊಡುವವನ ಬಳಿ ಕೇಳಿದವನ ಅಮಾನತು ಇರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ರೋಗಿಯ ಎಕ್ಸ್‌ರೇ, ಇಸಿಜಿ, ಗಾಯದ ಚಿತ್ರಗಳೂ ಅಮಾನತೇ. ಕಂಡವರಿಗೆಲ್ಲ ಹಂಚುವ ತಮಾಷೆಯ ಸಂದೇಶಗಳಲ್ಲ.

ಮೊಬೈಲು ಇಂದು ಗೊಳಸಂಗಿಯಲ್ಲೂ ಎಲ್ಲರ ಕಿಸೆಯಲ್ಲಿದೆ. ಆದರೆ ಹಳ್ಳಿಯಲ್ಲಿ ಇಸಿಜಿ ತೆಗೆಯುವ ಕೈ ಬೇಕು, ಪಟ್ಟಣದಲ್ಲಿ ನಿದ್ದೆಗಣ್ಣಲ್ಲೂ ಉತ್ತರಿಸುವ ಮನಸ್ಸು ಬೇಕು. ಕಾಂಗೋದ ಹುಡುಗನನ್ನು ಉಳಿಸಿದ್ದು ಬರೀ ಯಂತ್ರವಲ್ಲ. ತನಗೆ ಗೊತ್ತಿಲ್ಲವೆಂದು ಕೇಳಿದ ಒಬ್ಬ ವೈದ್ಯನ ವಿನಯ ಮತ್ತು ಕೂಡಲೇ ಉತ್ತರಿಸಿದ ಇನ್ನೊಬ್ಬನ ಉದಾರತೆ. ಈ ಎರಡನ್ನು ಯಾವ ಕಂಪನಿಯೂ ಮಾರುವುದಿಲ್ಲ.