ಐದು ಪೈಸೆ ಸ್ಟಾಂಪು, ಮುಂಡಗೋಡದ ಹೊಲ, ನಮ್ಮವ್ವನ ಸಂಘ

 

ಹೋದ ಸಂಚಿಕೆ ಆದಮೇಲೆ ಮೂಡಲಗಿ ಕಡೆಯ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. "ಅಣ್ಣಾ, ಚಳಿಗಾಲ ಬಂತಂದ್ರ ಬೆಳಗಾವ್ಯಾಗ ಸ್ವೆಟರ್ ಮಾರಾಕ ಟಿಬೆಟ್ ಮಂದಿ ಬರ್ತಾರಲ್ಲ, ಅವರಿಗೆ ಫಾರಿನ್ ರೊಕ್ಕ ಬರ್ತೈತಂತ. ಹಂಗಿದ್ರ ಸ್ವೆಟರ್ ಯಾಕ ಮಾರ್ತಾರ? ನಮಗ ಹೊಳಿ ಬಂದಾಗ ಯಾವ ಫಾರಿನ್ನವರು ಬಂದಿದ್ರು?"

ಈ ಮಾತು ಅವರೊಬ್ಬರದೇ ಅಲ್ಲ. ಗೋಕಾಕದ ಚಹಾದಂಗಡಿಯಲ್ಲಿ, ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ನಾನೂ ಕೇಳಿದ್ದೇನೆ. ನಾನು ಓದಿದ್ದು ಬಿ.ಕಾಂ. ಇತಿಹಾಸದ ಪ್ರಶ್ನೆ ಬಂದರೂ ನನಗೆ ಮೊದಲು ಕಾಣೋದು ಖಾತೆ ಪುಸ್ತಕ. ರೊಕ್ಕ ಎಲ್ಲಿಂದ ಬಂತು, ಯಾರ ಕೈಗೆ ಹೋಯ್ತು, ಯಾವಾಗ ನಿಂತಿತು? ಇವತ್ತು ಅಷ್ಟನ್ನೇ ನೋಡೋಣ.

ಮೊದಲು ದೊಡ್ಡ ಸಂಸ್ಥೆ. ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ. ಎರಡನೇ ಮಹಾಯುದ್ಧದಲ್ಲಿ ಊರು ಬಿಟ್ಟ ಯುರೋಪಿನ ಮಂದಿಗೆ ನೆಲೆ ಮಾಡಿಕೊಡಲು 1951ರ ಜನವರಿಯಲ್ಲಿ ಕೆಲಸ ಶುರು ಮಾಡಿತು. ಕೊಟ್ಟ ಅವಧಿ ಮೂರೇ ವರ್ಷ. ಮೂರು ವರ್ಷದಲ್ಲಿ ಕೆಲಸ ಮುಗಿಸಿ ಅಂಗಡಿ ಮುಚ್ಚಬೇಕು ಅಂತ ಲೆಕ್ಕ. ಮೊದಲ ವರ್ಷದ ಬಜೆಟ್ಟು 3 ಲಕ್ಷ ಡಾಲರ್. ಅದು ಬಹುತೇಕ ಕಚೇರಿ ನಡೆಸೋದಕ್ಕೇ ಸರಿ, ನಿರಾಶ್ರಿತರಿಗೆ ಹಂಚಲು ಏನೂ ಇಲ್ಲ. ಕೈಗೆ ಸಿಕ್ಕ ಮೊದಲ ದೊಡ್ಡ ಮೊತ್ತ ಯಾವ ಸರ್ಕಾರದ್ದೂ ಅಲ್ಲ. 1952ರಲ್ಲಿ ಫೋರ್ಡ್ ಫೌಂಡೇಷನ್ ಕೊಟ್ಟ ಸುಮಾರು 30 ಲಕ್ಷ ಡಾಲರ್ ಅದು. ಎರಡು ವರ್ಷಕ್ಕೆ, 1954ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಮೂರು ವರ್ಷದ ಅವಧಿಯನ್ನು ಐದೈದು ವರ್ಷ ಮುಂದೂಡುತ್ತ ಹೋಗಿ, ಕೊನೆಗೆ 2003ರಲ್ಲಿ ಆ ಗಡುವನ್ನೇ ತೆಗೆದುಹಾಕಿದರು. ನಿರಾಶ್ರಿತರು ಮುಗಿಯಲಿಲ್ಲ ನೋಡ್ರಿ.

ಮುಖ್ಯ ವಿಷಯ ಏನಂದರೆ, ಈ ಸಂಸ್ಥೆಗೆ ಪಕ್ಕಾ ಆದಾಯ ಇಲ್ಲ. ವಿಶ್ವಸಂಸ್ಥೆಯ ಖಾಯಂ ಬಜೆಟ್ಟಿನಿಂದ ಬರೋದು ನೂರರಲ್ಲಿ ಒಂದೆರಡು ರೂಪಾಯಿಗಿಂತ ಹೆಚ್ಚಿಲ್ಲ. ಉಳಿದದ್ದೆಲ್ಲ ಪ್ರತಿ ವರ್ಷ ದೇಶದೇಶಗಳ ಮುಂದೆ ಹೋಗಿ ಬೇಡಿ ತರಬೇಕು. ನಮ್ಮ ಕಡೆ ಮಠದ ಅಯ್ಯನವರು ಜೋಳಿಗೆ ಹಿಡಿದು ಮನೆಮನೆಗೆ ಬರ್ತಾರಲ್ಲ, ಅದೇ ಪದ್ಧತಿ. ಆದರೆ ನಮ್ಮ ಜೋಳಿಗೆಗೆ ಜೋಳ ಹಾಕಿದವರು "ಇದರ ರೊಟ್ಟಿ ಇಂಥವರಿಗೇ ಕೊಡ್ರಿ" ಅನ್ನೋದಿಲ್ಲ. ಅಲ್ಲಿ ಅಂತಾರೆ. ಇದು ಇಂಥ ದೇಶದ ನಿರಾಶ್ರಿತರಿಗೆ ಮಾತ್ರ, ಇದು ಇಂಥ ಯೋಜನೆಗೆ ಮಾತ್ರ ಅಂತ ಷರತ್ತು ಬರೆದೇ ಕೊಡ್ತಾರೆ. ಟಿವಿಯಲ್ಲಿ ಕಾಣುವ ಯುದ್ಧಕ್ಕೆ ಜೋಳಿಗೆ ತುಂಬುತ್ತದೆ, ಕಾಣದ ಕ್ಯಾಂಪಿಗೆ ಖಾಲಿ ಉಳಿಯುತ್ತದೆ.

ಈಗ ಹೊಳಿ ಮಾತಿಗೆ ಬರೋಣ. 2019ರ ಆಗಸ್ಟಿನಲ್ಲಿ ಘಟಪ್ರಭಾ ಗೋಕಾಕದ ಒಳಗೇ ಬಂದಿದ್ದು ಯಾರೂ ಮರೆತಿಲ್ಲ. ಹಿಡಕಲ್ ಡ್ಯಾಮಿನಲ್ಲಿ ಊರು ಮುಳುಗಿಸಿಕೊಂಡ ಹುಕ್ಕೇರಿ ತಾಲ್ಲೂಕಿನ ಮಂದಿಯ ಸಂಕಟವೂ ಸಣ್ಣದಲ್ಲ. ಆದರೆ ಕಾನೂನಿನ ಪ್ರಕಾರ ಇವರು ಯಾರೂ ನಿರಾಶ್ರಿತರಲ್ಲ, ಸಂತ್ರಸ್ತರು. 1951ರ ಒಪ್ಪಂದ ಹೇಳೋದು ಹೀಗೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಇಲ್ಲವೇ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯ ಇದ್ದು, ದೇಶದ ಗಡಿ ದಾಟಿದವನು ನಿರಾಶ್ರಿತ. ಗಡಿ ದಾಟಬೇಕು. ನಮಗೆ ಸರ್ಕಾರ ಇದೆ, ಕಾಳಜಿ ಕೇಂದ್ರ ತೆರೆಯದಿದ್ದರೆ ತಹಶೀಲ್ದಾರರ ಮುಂದೆ ಹೋಗಿ ಕೂಗಬಹುದು, ಮುಂದಿನ ಸಲ ವೋಟು ಹಾಕದೇ ಇರಬಹುದು. ಗಡಿ ದಾಟಿ ಬಂದವನು ಯಾರ ಮುಂದೆ ಕೂಗಬೇಕು? ಇನ್ನೊಂದು ಮಾತು: ಭಾರತ ಆ ಒಪ್ಪಂದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ. ಸಹಿ ಹಾಕದೇ ಲಕ್ಷಗಟ್ಟಲೆ ಮಂದಿಗೆ ಜಾಗ ಕೊಟ್ಟಿದೆ. ಹಾಗಾಗಿ ಇಲ್ಲಿ ಆಶ್ರಯ ಅನ್ನೋದು ಹಕ್ಕಲ್ಲ, ಸರ್ಕಾರದ ಮನಸ್ಸು.

1959ರ ಮಾರ್ಚ್ ಕೊನೆಗೆ ದಲೈ ಲಾಮಾ ಗಡಿ ದಾಟಿ ಬಂದರು. ಹಿಂದೆಯೇ ಸಾವಿರಾರು ಮಂದಿ. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ, ಬಂಗಾಳದ ಬಕ್ಸಾದಲ್ಲಿ ಕ್ಯಾಂಪು. ಹಿಮದ ಊರಿನವರು ಅಲ್ಲಿನ ಸೆಕೆ, ಕ್ಷಯಕ್ಕೆ ಸಿಕ್ಕಿ ಸತ್ತರು. ಆಚಾರ್ಯ ಕೃಪಲಾನಿ ಅವರ ಮುಂದಾಳತ್ವದಲ್ಲಿ ಒಂದು ಪರಿಹಾರ ಸಮಿತಿ ಆಯ್ತು. ಹೊರದೇಶದ ಸಂಸ್ಥೆಗಳು ಕಳಿಸಿದ ಔಷಧಿ, ಬಟ್ಟೆ, ಹಾಲಿನ ಪುಡಿ ಅದರ ಮೂಲಕ ಹೋಗುತ್ತಿತ್ತು. ನೆಹರೂ ರಾಜ್ಯಗಳಿಗೆ ಜಾಗ ಕೇಳಿದಾಗ ದೊಡ್ಡದಾಗಿ ಕೈ ಚಾಚಿದ್ದು ಮೈಸೂರು ರಾಜ್ಯ. ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಕಾಡು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಅಲ್ಲಿಗೆ ಬಂದು ಮರ ಕಡಿಯೋಕೆ ಶುರು ಮಾಡಿತು.

ಇಲ್ಲಿ ಒಂದು ಅಡ್ಡಮಾತು. ಟಿಬೆಟನ್ನರು ಈ ಉಪಕಾರಕ್ಕೆ ನಿಜಲಿಂಗಪ್ಪನವರನ್ನು ನೆನೆಯುತ್ತಾರೆ. 1966ರಲ್ಲಿ ಮುಂಡಗೋಡದ ಕ್ಯಾಂಪು ಶುರುವಾದಾಗ ಮುಖ್ಯಮಂತ್ರಿ ಅವರೇ, ಸರಿ. ಆದರೆ ಬೈಲಕುಪ್ಪೆಗೆ ಮೊದಲ ತಂಡ ಬಂದ 1960ರಲ್ಲಿ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ನಮ್ಮ ಮೂಡಲಗಿಗೆ ಬಾಳ ದೂರದವರಲ್ಲ. ಅವರ ಹೆಸರನ್ನೂ ಒಂದು ಸಲ ಹೇಳಬೇಕು ಅನಿಸುತ್ತದೆ.

ಖಾತೆ ಪುಸ್ತಕದಲ್ಲಿ ಈ ಕಾಲದ ಪುಟ ಕುತೂಹಲದ್ದು. ಜಮೀನು ರಾಜ್ಯದ್ದು, ಅದೂ ದಾನ ಅಲ್ಲ, ನಮ್ಮ ಭಾಷೆಯಲ್ಲಿ ಲಾವಣಿ. ಖರ್ಚಿನ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು. ಟ್ರ್ಯಾಕ್ಟರ್, ಹೈನುಗಾರಿಕೆ, ವರ್ಕ್‌ಶಾಪು, ಆಸ್ಪತ್ರೆಗಳಿಗೆ ಹೊರಗಿನ ರೊಕ್ಕ. ಬೈಲಕುಪ್ಪೆಯಲ್ಲಿ ಸ್ವಿಸ್ ನೆರವು ಎದ್ದು ಕಾಣುತ್ತಿತ್ತು. 1966ರ ಅಕ್ಟೋಬರಿನಲ್ಲಿ ಯುರೋಪಿನ ಹಲವು ದೇಶಗಳು ಒಟ್ಟಿಗೆ ನಿರಾಶ್ರಿತರಿಗಾಗಿ ಚಂದಾ ಎತ್ತಿದವು. ಅದರ ಒಂದು ಪಾಲು ಭಾರತದ ಟಿಬೆಟನ್ನರಿಗೆ ಬಂತು. ಅಂದರೆ ಅಲ್ಲಿಯ ಯಾವುದೋ ಊರಿನ ಸಾಲಿ ಹುಡುಗರು, ಚರ್ಚಿಗೆ ಹೋಗುವ ಮುದುಕಿಯರು ಹಾಕಿದ ಚಿಲ್ಲರೆ. ಯುಎನ್‌ಎಚ್‌ಸಿಆರ್ 1969ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ಕಚೇರಿ ತೆರೆದು ಈ ಕೆಲಸಕ್ಕೆ ಕೈ ಹಾಕಿತು. 1975ಕ್ಕೆ ಆ ಕಚೇರಿ ಮುಚ್ಚಿತು, ಮತ್ತೆ ತೆರೆದಿದ್ದು 1981ರಲ್ಲಿ.

ಹೊರಗಿನ ರೊಕ್ಕ ಹೊಲದ ಬದುವಿಗೆ ಮುಟ್ಟಬೇಕಾದರೆ ನಡುವೆ ಒಬ್ಬರು ಬೇಕಲ್ಲ? ಅದಕ್ಕೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು, ಮೈರಾಡ. ಬಿಡಿಸಿ ಹೇಳಿದರೆ ಮೈಸೂರ್ ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಕ್ಯಾಪ್ಟನ್ ಡೇವಿನ್ಸನ್ ಅನ್ನೋರು ಕಟ್ಟಿದ್ದು. ಟಿಬೆಟನ್ನರಿಗೆ ನೆಲೆ ಮಾಡಿಕೊಡೋದೇ ಅದರ ಕಸುಬು. ಈ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅಷ್ಟರಲ್ಲಿ 1971 ಬಂತು. ಪೂರ್ವ ಪಾಕಿಸ್ತಾನದಿಂದ ಹೆಚ್ಚೂಕಡಿಮೆ 1 ಕೋಟಿ ಮಂದಿ ಒಳಗೆ ಬಂದರು. ವಿಶ್ವಸಂಸ್ಥೆಯ ನೆರವನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಹೊಣೆ ಯುಎನ್‌ಎಚ್‌ಸಿಆರ್‌ಗೆ ಬಿತ್ತು. ಆಕ್ಸ್‌ಫ್ಯಾಮ್ ಕಣ್ಣಾರೆ ಕಂಡವರ ಮಾತುಗಳನ್ನು ಸೇರಿಸಿ ಒಂದು ಪುಸ್ತಿಕೆ ತಂದಿತು. ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್, ಜಾರ್ಜ್ ಹ್ಯಾರಿಸನ್ ಕೂಡಿ ಸಂಗೀತ ಕಾರ್ಯಕ್ರಮ ಮಾಡಿದರು. ಅದರ ರೆಕಾರ್ಡಿನ ಆದಾಯಕ್ಕೆ ಮೊದಲೇ ತೆರಿಗೆ ವಿನಾಯಿತಿ ಮಾಡಿಸಿರಲಿಲ್ಲ. ಲಕ್ಷಗಟ್ಟಲೆ ಡಾಲರು ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಬಿ.ಕಾಂ. ಓದುವವರು ಗಮನಿಸಿ, ದಾನಕ್ಕೂ ಲೆಕ್ಕಪತ್ರ ಬೇಕಾಗುತ್ತದೆ.

ಇಷ್ಟೆಲ್ಲ ಆದರೂ ಹೊರಗಿಂದ ಬಂದದ್ದು ಖರ್ಚಿನ ಸಣ್ಣ ಪಾಲು. ಉಳಿದದ್ದನ್ನು ಕೊಟ್ಟವರು ಯಾರು? ಕೇಳ್ರಿ. 1971ರ ನವೆಂಬರ್ 15ರಿಂದ ದೇಶದ ಟಪಾಲಿನ ಮೇಲೆ 5 ಪೈಸೆಯ ಹೆಚ್ಚುವರಿ ಸ್ಟಾಂಪು ಕಡ್ಡಾಯ ಆಯ್ತು. ನಿರಾಶ್ರಿತರ ಪರಿಹಾರ ಅಂತ ಅದರ ಮೇಲೆ ಬರೆದಿತ್ತು. ಅವಸರಕ್ಕೆ ಕುಟುಂಬ ಯೋಜನೆಯ 5 ಪೈಸೆ ಸ್ಟಾಂಪಿನ ಮೇಲೇ ಆ ಅಕ್ಷರ ಒತ್ತಿದರು. ಅದೂ ಬರೋದು ತಡವಾದ ಕಡೆ ಪೋಸ್ಟ್ ಆಫೀಸಿನವರೇ ರಬ್ಬರ್ ಮುದ್ರೆ ಒತ್ತಿ ಕೊಟ್ಟರು. ಆಮೇಲೆ ನಿರಾಶ್ರಿತ ಕುಟುಂಬದ ಚಿತ್ರ ಇರುವ ಸ್ಟಾಂಪು ಬಂತು. 1973ರ ಮಾರ್ಚ್ ತನಕ ಇದು ನಡೆಯಿತು. ರೈಲು ಟಿಕೆಟ್ಟಿನ ಮೇಲೂ ಆಗ ಒಂದು ತೆರಿಗೆ ಕೂಡಿತು.

ಅಂದರೆ ಗೋಕಾಕ ಮಿಲ್ಲಿನ ಕಾರ್ಮಿಕ ಊರಿಗೆ ಬರೆದ ಲಕೋಟೆ, ಹುಕ್ಕೇರಿಯ ಮಾಸ್ತರರು ಮಗಳಿಗೆ ಕಳಿಸಿದ ಪತ್ರ, ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಮೀರಜಿಗೆ ತೆಗೆಸಿದ ಟಿಕೀಟು, ಇವೆಲ್ಲದರೊಳಗೆ ನಿರಾಶ್ರಿತರ ಪಾಲು ಇತ್ತು. ನಮ್ಮ ಅಜ್ಜಂದಿರೂ ದಾನಿಗಳೇ. ಕೇಳದೇ ಕಿತ್ತುಕೊಂಡ ದಾನ ಅನ್ನಬಹುದು, ಆದರೂ ಕೊಟ್ಟಿದ್ದಾರೆ. ಬೇಕಾದರೆ ಮನೆಯಲ್ಲಿ ಹಳೇ ಟ್ರಂಕು ತೆಗೆದು ಆ ಎರಡು ವರ್ಷದ ಪತ್ರಗಳ ಮೂಲೆ ನೋಡಿ.

ಈಗ ಸ್ವೆಟರಿನ ಪ್ರಶ್ನೆ. ಮುಂಡಗೋಡದಲ್ಲಿ ಸುಮಾರು 4 ಸಾವಿರ ಎಕರೆಯಲ್ಲಿ ಕ್ಯಾಂಪು ಹಾಕಿದಾಗ ಇದ್ದ ಹೊಲ ಇವತ್ತೂ ಅಷ್ಟೇ. ಮಂದಿ ಎರಡು ತಲೆಮಾರು ಬೆಳೆದಿದೆ. ಹೊಲ ಅವರ ಹೆಸರಿನಲ್ಲಿಲ್ಲ, ಮಾರುವಂತಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ ಬಂದ ಮೇಲೆ ರಾಜ್ಯಗಳು 20 ವರ್ಷದ ಲೀಸ್ ಬರೆದುಕೊಡಬಹುದು ಅಂತ ಆಗಿದೆ. ಬಹಳ ಮಂದಿ ಈಗಲೂ ನೋಂದಣಿ ಪತ್ರದ ಮೇಲೇ ಇದ್ದಾರೆ, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಲುಧಿಯಾನಾದ ಸಗಟು ವ್ಯಾಪಾರಿಗಳಿಂದ ಸ್ವೆಟರ್ ತರುತ್ತವೆ. ಸ್ವಲ್ಪ ಮುಂಗಡ, ಉಳಿದದ್ದು ಉದ್ರಿ. ಚಳಿ ಕಡಿಮೆ ಆದ ವರ್ಷ ಮಾಲು ಉಳಿಯುತ್ತದೆ, ಉದ್ರಿ ಹಾಗೇ ನಿಲ್ಲುತ್ತದೆ. ಫಾರಿನ್ ರೊಕ್ಕದವರ ವ್ಯಾಪಾರ ಹೀಗಿರೋದಿಲ್ಲ ಕಣ್ರೀ.

ಮಠಗಳಿಗೆ, ಸಾಲಿಗಳಿಗೆ ಹೊರಗಿನ ನೆರವು ಬರುತ್ತದೆ, ಅದು ಸುಳ್ಳಲ್ಲ. ಡ್ರೆಪುಂಗ್, ಗಾಂಡೆನ್ ಮಠಗಳ ಕಟ್ಟಡ ನೋಡಿದವರಿಗೆ ಗೊತ್ತು. ಆದರೆ ಅದು ಮಠದ ಖಾತೆ, ಸ್ವೆಟರ್ ಮಾರುವ ಹೆಣ್ಮಗಳ ಖಾತೆ ಅಲ್ಲ. ಬರುವ ರೊಕ್ಕದ ದಾರಿಯೂ ಕಿರಿದಾಗಿದೆ. 1976ರಲ್ಲೇ ವಿದೇಶಿ ವಂತಿಗೆ ಕಾಯ್ದೆ ಬಂತು, 2010ರಲ್ಲಿ ಹೊಸದಾಗಿ ಬರೆದರು. 2020ರ ತಿದ್ದುಪಡಿ ಆದಮೇಲೆ ಹೊರಗಿನ ದೇಣಿಗೆ ಯಾವ ಸಂಸ್ಥೆಗೇ ಬರಲಿ, ಮೊದಲು ಸ್ಟೇಟ್ ಬ್ಯಾಂಕಿನ ದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಇನ್ನೊಂದು ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ನೂರಕ್ಕೆ 20 ಮೀರಬಾರದು. ಲೆಕ್ಕ ಕೇಳೋದು ತಪ್ಪಲ್ಲ. ಆದರೆ ದೊಡ್ಡ ಸಂಸ್ಥೆಯಿಂದ ಪಾಲು ಪಡೆದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣವರಿಗೆ ಇದು ಬಾಗಿಲು ಮುಚ್ಚಿದ ಹಾಗೆ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಅತ್ತ ಜೋಳಿಗೆಗೆ ಎಲ್ಲರಿಗಿಂತ ಹೆಚ್ಚು ಹಾಕುತ್ತಿದ್ದ ಅಮೆರಿಕ 2025ರಲ್ಲಿ ಕೈ ಹಿಡಿಯಿತು. ಯುಎನ್‌ಎಚ್‌ಸಿಆರ್ ಸುಮಾರು 3,500 ಹುದ್ದೆ ತೆಗೆಯಬೇಕಾಯ್ತು. ಟಿಬೆಟನ್ನರ ಯೋಜನೆಗಳಿಗೂ ಆ ಪೆಟ್ಟು ತಗಲಿತು.

ಈಗ ಮೈರಾಡಕ್ಕೆ ವಾಪಸ್ ಬರೋಣ. 70ರ ದಶಕದ ಕೊನೆಗೆ ಟಿಬೆಟನ್ನರ ನೆಲೆ ಒಂದು ಹಂತಕ್ಕೆ ಬಂದಿತ್ತು. ಹುಟ್ಟಿದ ಕೆಲಸವೇ ಮುಗಿದರೆ ಸಂಸ್ಥೆ ಏನು ಮಾಡಬೇಕು? ಮೈರಾಡ ಸುತ್ತಲಿನ ಬಡ ಹಳ್ಳಿಗಳ ಕಡೆ ಹೊರಳಿತು, ದೊಡ್ಡ ಸಹಕಾರಿ ಸಂಘಗಳನ್ನು ಕಟ್ಟಿಸಿತು. 80ರ ದಶಕದ ನಡುವೆ ಅವುಗಳಲ್ಲಿ ಕೆಲವು ಒಡೆದವು. ಮುಖಂಡರ ಮೇಲೆ ಮಂದಿಗೆ ನಂಬಿಕೆ ಇರಲಿಲ್ಲ. ಸಾಲ ತಗೊಂಡವರು ಸಣ್ಣಸಣ್ಣ ಗುಂಪಾಗಿ ಬಂದು, ಸೊಸೈಟಿಗೆ ಕಟ್ಟೋದಿಲ್ಲ, ನಿಮಗೆ ಬೇಕಾದರೆ ಕಟ್ಟುತ್ತೇವೆ ಅಂದರು. ನಮಗೆ ಬೇಡ, ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಅಂತ ಮೈರಾಡ ಹೇಳಿತು. ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಮಂದಿ, ವಾರಕ್ಕೊಮ್ಮೆ ಸಭೆ, ಉಳಿತಾಯ, ತಮ್ಮೊಳಗೇ ಸಾಲ. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳ ಉಳಿತಾಯಕ್ಕೆ ಜೊತೆಯಾಗಿ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಅದೇ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಆಮೇಲಿನದು ನಿಮಗೆ ಗೊತ್ತು.

ಸ್ವಸಹಾಯ ಸಂಘ ಕಟ್ಟಿದ್ದು ಮೈರಾಡ ಒಂದೇ ಅಲ್ಲ, ಬೇರೆಯವರೂ ಇದ್ದಾರೆ. ಆದರೆ ನಬಾರ್ಡ್ ಮೊದಮೊದಲು ನೋಡಿ ಕಲಿತ ಗುಂಪುಗಳಲ್ಲಿ ಟಿಬೆಟನ್ನರ ಕೆಲಸದಿಂದ ಹೊರಬಂದ ಈ ಸಂಸ್ಥೆಯವು ಇದ್ದವು. ಇವತ್ತು ಫೈನಾನ್ಸ್ ಕಂಪನಿಯ ಹುಡುಗರು ಬೈಕಿನಲ್ಲಿ ಬಂದು, ಹತ್ತು ಹೆಣ್ಮಕ್ಕಳನ್ನು ಕೂಡಿಸಿ, ಕಂತು ಕಟ್ಟಿಸಿಕೊಂಡು ಹೋಗ್ತಾರಲ್ಲ, ಅದಕ್ಕೂ ಗುಂಪು ಅಂತಾರೆ. ಅದು ಬೇರೆ. ಅಲ್ಲಿ ಬಡ್ಡಿ ಕಂಪನಿಗೆ ಹೋಗುತ್ತದೆ, ಸಂಘದಲ್ಲಿ ಬಡ್ಡಿ ಸಂಘಕ್ಕೇ ಉಳಿಯುತ್ತದೆ.

ನಮ್ಮವ್ವನ ಸಂಘದಲ್ಲಿ ಠರಾವು ಪುಸ್ತಕ ಬರೆಯೋದು ನಾನೇ, ಅವ್ವಗೆ ಕಣ್ಣು ಮಂಜು. ಹೋದ ವಾರ ಯುರೋಪಿನ ಚಂದಾ, ಟಿಬೆಟ್ಟು, ಮೈರಾಡ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವ್ವ ಕೇಳಿದ್ದು ಒಂದೇ: "ಆ ಸ್ವೆಟರ್ ಮಾರೂ ಹೆಣ್ಮಕ್ಕಳಿಗೂ ಸಂಘ ಐತೇನೋ? ಉದ್ರಿ ತರೂದಕ್ಕಿಂತ ಸಂಘದಾಗ ತಗೊಂಡ್ರ ಬಡ್ಡಿ ಕಡಿಮಿ ಬೀಳ್ತೈತಿ."